ಹಿತ್ತಲಿನಲ್ಲಿ ನಾಟಿ ಕೋಳಿಗಳಿಗೆ ಭದ್ರವಾದ ಗೂಡು ಕಟ್ಟುವುದು ಹೇಗೆ?

ಸಾಗರದ ಕಡೆಯ ನಿಮ್ಮ ಹಿತ್ತಲಿನಲ್ಲಿ ಹತ್ತು ನಾಟಿ ಕೋಳಿಗಳಿದ್ದು, ಸುತ್ತ ಬಲೆ ಹೊಡೆದಿದ್ದರೂ ರಾತ್ರಿ ಎರಡು ಸತ್ತವೆಂದೂ, ಬಲೆ ಎಲ್ಲೂ ಹರಿದಿಲ್ಲವೆಂದೂ, ತಲೆಯಿಲ್ಲದ ದೇಹಗಳು ಬಲೆಯ ಪಕ್ಕದಲ್ಲೇ ಬಿದ್ದಿದ್ದವೆಂದೂ ಬರೆದಿದ್ದೀರಿ. ಈ ಕೊನೆಯ ವಿವರವೇ ಮುಖ್ಯವಾದದ್ದು. ಹಾಗಿದ್ದರೆ ಪ್ರಾಣಿ ಒಳಗೆ ಬಂದೇ ಇಲ್ಲವೆಂದು ತಿಳಿಯಬಹುದು. ಬಲೆಗೆ ಒರಗಿ ಮಲಗಿದ್ದ ಕೋಳಿಯನ್ನು ಪುನುಗು ಬೆಕ್ಕೋ ಕಾಡುಬೆಕ್ಕೋ ಹೊರಗಿನಿಂದಲೇ ಪಂಜ ತೂರಿಸಿ ಎಳೆದಿರಬೇಕು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಅದು ಕೂತಲ್ಲಿಂದ ಏಳುವುದೂ ಇಲ್ಲ.

ಅಂಗಡಿಯಲ್ಲಿ ಚಿಕನ್ ಮೆಶ್ ಎಂದು ಕೊಡುವ ಆರು ಮೂಲೆಯ ತೆಳು ತಂತಿಯ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ಬೇಟೆಯ ಪ್ರಾಣಿಯನ್ನು ತಡೆಯುವುದಿಲ್ಲ. ನಾಯಿ ಹಲ್ಲು ಹಾಕಿ ಎಳೆದರೆ ಅದರ ಹೆಣಿಗೆಯೇ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ರಾತ್ರಿ ಮಲಗುವ ಕೋಣೆಯನ್ನೂ ಹಗಲು ಓಡಾಡುವ ಆವರಣವನ್ನೂ ಬೇರೆಬೇರೆ ಎಂದು ಭಾವಿಸಿ, ಹಣದ ಹೆಚ್ಚಿನ ಪಾಲನ್ನು ಮೊದಲನೆಯದಕ್ಕೇ ಹಾಕಿ ಎನ್ನುವುದು ನನ್ನ ಸಲಹೆ.

ಹತ್ತು ಕೋಳಿಗಳಿಗೆ 6 ಅಡಿ ಉದ್ದ, 5 ಅಡಿ ಅಗಲದ ಕೋಣೆ ಸಾಕು. ನಿಮ್ಮ ಕಡೆ ಜಂಬಿಟ್ಟಿಗೆ ಸಿಗುವುದರಿಂದ ಎರಡು ಅಡಿ ಎತ್ತರದವರೆಗೆ ಅದರ ಗೋಡೆ ಕಟ್ಟಿ, ನೆಲಕ್ಕೆ ಸಿಮೆಂಟು ಹಾಕಿಸಿದರೆ ಹೆಗ್ಗಣದ ಕಾಟ ಅಲ್ಲಿಗೇ ಮುಗಿಯುತ್ತದೆ. ಗೋಡೆಯಿಂದ ಮೇಲಿನ ಭಾಗಕ್ಕೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಎಂದರೆ ತಂತಿಗಳು ಕೂಡುವಲ್ಲೆಲ್ಲ ಬೆಸುಗೆ ಹಾಕಿದ ಬಲೆ, ಹಾಕಿ. ಮರಿ ಹಾವುಗಳನ್ನು ಬಿಟ್ಟರೆ ಕೋಳಿಗೂ ಮೊಟ್ಟೆಗೂ ಅಪಾಯ ತರುವ ಯಾವುದೂ ಅದರೊಳಗೆ ತೂರಲಾರದು. ಮೆಶ್ಶನ್ನು ಬರೀ ಮೊಳೆ ಹೊಡೆದು ನಿಲ್ಲಿಸದೆ, ಅಂಚಿನ ಮೇಲೆ ಮರದ ರೀಪು ಇಟ್ಟು ಸ್ಕ್ರೂ ಬಿಗಿಯಬೇಕು. ಅಡಿಕೆ ಮರ ಸೀಳಿ ಮಾಡಿದ ದಬ್ಬೆ ಅಗ್ಗವೆಂಬುದು ನಿಜ, ಆದರೆ ಮಣ್ಣಿಗೆ ತಾಗಿದ ದಬ್ಬೆ ಮಳೆಗಾಲದಲ್ಲಿ ಬೇಗ ಕುಂಬಾಗುತ್ತದೆ. ಎರಡು ದಬ್ಬೆಗಳ ನಡುವಿನ ಸಂದಿಯಂತೂ ಮುಂಗುಸಿಗೆ ಬಾಗಿಲಿದ್ದಂತೆ.

ಕೋಳಿ ಕೂರುವ ಕೋಲನ್ನು ಎಲ್ಲ ಗೋಡೆಗಳಿಂದಲೂ ಕನಿಷ್ಠ ಒಂದು ಅಡಿ ದೂರದಲ್ಲಿಡಿ. ನಿಮ್ಮ ಎರಡು ಕೋಳಿಗಳನ್ನು ಉಳಿಸಬಹುದಾಗಿದ್ದ ಕ್ರಮ ಇದೇ. ಪ್ರತಿ ಕೋಳಿಗೂ 8ರಿಂದ 10 ಇಂಚು ಜಾಗ ಬೇಕಾದ್ದರಿಂದ ನಾಲ್ಕು ಅಡಿಯ ಎರಡು ಕೋಲುಗಳನ್ನು ಒಂದೇ ಮಟ್ಟದಲ್ಲಿ ಕಟ್ಟಿ; ಒಂದು ಮೇಲೆ, ಒಂದು ಕೆಳಗೆ ಇಟ್ಟರೆ ಮೇಲಿನದಕ್ಕಾಗಿ ದಿನವೂ ಜಗಳವಾಗುತ್ತದೆ. ಮೊಟ್ಟೆಯ ಪೆಟ್ಟಿಗೆಗಳು ಕೋಲಿಗಿಂತ ತಗ್ಗಿನಲ್ಲಿರಲಿ, ಇಲ್ಲವಾದರೆ ಕೋಳಿಗಳು ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ. ಭದ್ರತೆಯ ಹೆಸರಿನಲ್ಲಿ ಗಾಳಿಯಾಡುವ ಜಾಗವನ್ನು ಮುಚ್ಚಬೇಡಿ. ಒದ್ದೆ ಹಿಕ್ಕೆಯ ಘಾಟು ಕೋಳಿಯ ಉಸಿರಾಟವನ್ನು ಕೆಡಿಸುತ್ತದೆ. ಸೂರಿನ ಕೆಳಗೆ ಮೆಶ್ ಹಾಕಿದ ತೆರಪು ಬಿಟ್ಟು, ಮಳೆ ಹೊಡೆಯುವ ನೈಋತ್ಯ ದಿಕ್ಕಿನಲ್ಲಿ ಸೂರನ್ನು ಎರಡು–ಮೂರು ಅಡಿ ಮುಂದಕ್ಕೆ ಚಾಚಿದರೆ ಗಾಳಿಯೂ ಬರುತ್ತದೆ, ನೆಲಕ್ಕೆ ಹರಡಿದ ಭತ್ತದ ಹೊಟ್ಟೂ ಒಣಗಿರುತ್ತದೆ. ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ ಬೇಕು. ಒಂದೇ ಚಿಲಕವಿದ್ದರೆ ಬಾಗಿಲಿನ ಕೆಳಮೂಲೆಯನ್ನು ನಾಯಿ ಮೂತಿಯಿಂದ ಒತ್ತಿ ಸಂದಿ ಮಾಡಿಕೊಳ್ಳುತ್ತದೆ.

ಹಗಲಿನ ಆವರಣಕ್ಕೆ ಕೋಳಿಗೆ 10 ಚದರ ಅಡಿಯಂತೆ ಲೆಕ್ಕ ಹಾಕಿ. ಇಲ್ಲಿ ಅಗೆಯುವ ಪ್ರಾಣಿಗಳದ್ದೇ ಚಿಂತೆ. ಬೇಲಿಯ ಬುಡದಲ್ಲಿ ಮೆಶ್ಶನ್ನು ಹೊರಕ್ಕೆ ಬಾಗಿಸಿ, ಒಂದೂವರೆ ಅಡಿ ನೆಲದ ಮೇಲೆ ಹಾಸಿ, ಕಲ್ಲು ಹೇರಿದರೆ ಸಾಕು. ನಾಯಿಯಾಗಲಿ ನರಿಯಾಗಲಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ. ಕಾಲಿಗೆ ತಂತಿ ಸಿಕ್ಕಾಗ ಒಂದೂವರೆ ಅಡಿ ಹಿಂದೆ ಸರಿದು ಅಗೆಯಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಗಿಡುಗ, ಹದ್ದು, ಕಾಗೆಗಳಿಂದ ಮರಿಗಳನ್ನು ಕಾಪಾಡಲು ಮೇಲೆ ಹಳೆಯ ಮೀನಿನ ಬಲೆ ಹರಡಬಹುದು. ಮೊಟ್ಟೆಗಳನ್ನು ಸಂಜೆಯೇ ತೆಗೆದು, ಆಹಾರವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಟ್ಟರೆ ಇಲಿಯೂ ಅದರ ಹಿಂದೆ ಬರುವ ಹಾವೂ ಕಡಿಮೆಯಾಗುತ್ತವೆ.

ವಿಷ ಇಡಲೇ ಎಂದೂ ಕೇಳಿದ್ದೀರಿ. ಖಂಡಿತ ಬೇಡ. ಪುನುಗು ಬೆಕ್ಕು, ಕಾಡುಬೆಕ್ಕು, ಮುಂಗುಸಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮೇಲಾಗಿ ಆ ವಿಷವನ್ನು ನಿಮ್ಮ ನಾಯಿಯೋ ಕೋಳಿಯೋ ತಿನ್ನುವ ಸಂಭವವೇ ಹೆಚ್ಚು. ಈಗಲೇ ಎಲ್ಲವನ್ನೂ ಕಟ್ಟಿಸಲು ಹಣ ಸಾಲದಿದ್ದರೆ ಮಲಗುವ ಕೋಣೆಯನ್ನಷ್ಟೇ ಮುಗಿಸಿ, ಮನೆಯಲ್ಲಿ ಯಾರಾದರೂ ಇರುವ ಹೊತ್ತಿನಲ್ಲಿ ಮಾತ್ರ ಕೋಳಿಗಳನ್ನು ಹೊರಗೆ ಬಿಡಿ. ಆವರಣ ಮುಂದಿನ ಬೇಸಿಗೆಗೆ ಆದರೂ ನಡೆಯುತ್ತದೆ.