ಓದುಗರ ಪ್ರಶ್ನೆ: ಐದು ನಕ್ಷತ್ರದ ಜನರಲ್ ಕುರ್ಚಿ ಬಿಟ್ಟದ್ದೇಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಬ್ಬರ ಬಗ್ಗೆಯೇ ಇವೆ. 2017ರಲ್ಲಿ ದೇಶದ ಅಧ್ಯಕ್ಷರ ಜೊತೆ ಬಜೆಟ್ ವಿಷಯಕ್ಕೆ ತಿಕ್ಕಾಟವಾಗಿ ಹುದ್ದೆ ಬಿಟ್ಟ ಫ್ರಾನ್ಸಿನ ಜನರಲ್ ಪಿಯೆರ್ ದ ವಿಲಿಯೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ಅಷ್ಟು ದೊಡ್ಡ ಜನರಲ್ ರಾಜೀನಾಮೆ ಕೊಡುವಂಥದ್ದು ನಿಜಕ್ಕೂ ಏನಾಯಿತು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಎಲ್ಲ ಮುಗಿದದ್ದು ಎಂಟು–ಹತ್ತು ದಿನದಲ್ಲಿ. ದ ವಿಲಿಯೆ ಆಗ ಸಶಸ್ತ್ರ ಪಡೆಗಳ ಮುಖ್ಯಸ್ಥ, ಅಂದರೆ ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಮೇಲಿನವರು. ಇಮ್ಯಾನುಯೆಲ್ ಮ್ಯಾಕ್ರಾನ್ 2017ರ ಮೇ ತಿಂಗಳಲ್ಲಿ ಅಧ್ಯಕ್ಷರಾದರು. ಜನರಲ್ ಅವಧಿಯನ್ನು ಅವರೇ ಒಂದು ವರ್ಷ ಮುಂದುವರಿಸಿದ್ದರು ಕೂಡ. ಜುಲೈ 11ಕ್ಕೆ ಬಜೆಟ್ ಸಚಿವ ಜೆರಾಲ್ಡ್ ದಾರ್ಮನಾಂ ಆ ವರ್ಷದ ರಕ್ಷಣಾ ಖರ್ಚಿನಲ್ಲಿ 85 ಕೋಟಿ ಯೂರೊ ಕಡಿತ ಎಂದು ಪ್ರಕಟಿಸಿದರು. ಮರುದಿನ ಸಂಸತ್ತಿನ ರಕ್ಷಣಾ ಸಮಿತಿಯ ಮುಂದೆ, ಬಾಗಿಲು ಮುಚ್ಚಿದ ಸಭೆಯಲ್ಲಿ, ದ ವಿಲಿಯೆ ಸಿಟ್ಟಿನಲ್ಲಿ ಇಲ್ಲಿ ಬರೆಯಲಾಗದಂಥ ಒಂದು ಒರಟು ಮಾತು ಆಡಿದರು. ಬಾಗಿಲು ಮುಚ್ಚಿತ್ತು ನಿಜ, ಆದರೆ ಒಳಗೆ ರಾಜಕಾರಣಿಗಳಿದ್ದರಲ್ಲ! ಮಾತು ಪತ್ರಿಕೆಗೆ ಬಂತು.

ಜುಲೈ 13ರ ಸಂಜೆ, ರಾಷ್ಟ್ರೀಯ ದಿನದ ಮುನ್ನಾದಿನ, ರಕ್ಷಣಾ ಸಚಿವಾಲಯದ ತೋಟದಲ್ಲಿ ಸೇನೆಯವರಿಗೆ ಒಂದು ಕೂಟ ಇರುತ್ತದೆ. ಅಲ್ಲಿ ಮ್ಯಾಕ್ರಾನ್, ಇಂಥ ಚರ್ಚೆಗಳನ್ನು ಬೀದಿಯಲ್ಲಿ ಹರಡುವುದು ಘನತೆಯಲ್ಲ ಎಂದು ಹೇಳಿ, 'ನಿಮ್ಮ ಮುಖ್ಯಸ್ಥ ನಾನು' ಎಂದರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಇದೇ ಇಬ್ಬರು ಪ್ಯಾರಿಸ್ಸಿನ ಶಾಂಜೆಲಿಜೆ ರಸ್ತೆಯಲ್ಲಿ ಒಂದೇ ತೆರೆದ ಸೇನಾ ವಾಹನದಲ್ಲಿ ಅಕ್ಕಪಕ್ಕ ನಿಂತು ಮೆರವಣಿಗೆ ಹೋಗಬೇಕಾಯಿತು, ಅದೂ ಡೊನಾಲ್ಡ್ ಟ್ರಂಪ್ ಅತಿಥಿಯಾಗಿ ನೋಡುತ್ತಿರುವಾಗ. ನನ್ನನ್ನು ಕೇಳಿದರೆ ಇಡೀ ಪ್ರಕರಣದಲ್ಲಿ ಅತ್ಯಂತ ಕಷ್ಟದ ಗಳಿಗೆ ಅದೇ ಇರಬೇಕು. ಆಮೇಲೆ ಭಾನುವಾರದ ಪತ್ರಿಕೆಯೊಂದಕ್ಕೆ ಮ್ಯಾಕ್ರಾನ್ ಇನ್ನೂ ಬಿಡಿಸಿ ಹೇಳಿದರು: ಅಧ್ಯಕ್ಷರಿಗೂ ಸೇನಾ ಮುಖ್ಯಸ್ಥರಿಗೂ ಹೊಂದದಿದ್ದರೆ ಬದಲಾಗುವುದು ಸೇನಾ ಮುಖ್ಯಸ್ಥರು. ಜುಲೈ 19ಕ್ಕೆ ದ ವಿಲಿಯೆ ರಾಜೀನಾಮೆ ಕೊಟ್ಟರು. ದೇಶವನ್ನು ಕಾಯಲು ಬೇಕೆಂದು ತಾನು ನಂಬಿದ ಸೇನೆಯನ್ನು ಇನ್ನು ಉಳಿಸಿಕೊಳ್ಳಲಾರೆ ಎಂಬುದು ಕಾರಣ. ಅವರು ಕಚೇರಿ ಬಿಟ್ಟು ಹೊರಡುವಾಗ ಸಿಬ್ಬಂದಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದ ವಿಡಿಯೊ ಆಗ ತುಂಬಾ ಓಡಾಡಿತು.

ಪ್ರಶ್ನೆ: ಇಡೀ ರಕ್ಷಣಾ ಬಜೆಟ್ ಎದುರು 85 ಕೋಟಿ ಯೂರೊ ಸಣ್ಣ ಮೊತ್ತ ಅಲ್ವಾ? ಅಷ್ಟಕ್ಕೇ ಹುದ್ದೆ ಬಿಡುವುದು ಅಹಂಕಾರದ ಹಾಗೆ ಕಾಣುತ್ತದೆ.

ಉತ್ತರ: ಒಟ್ಟು ಲೆಕ್ಕದಲ್ಲಿ ಸಣ್ಣದೇ. ಆ ವರ್ಷದ ರಕ್ಷಣಾ ಬಜೆಟ್ ಸುಮಾರು 3,270 ಕೋಟಿ ಯೂರೊ, ಹಾಗಾಗಿ ಕಡಿತ ನೂರಕ್ಕೆ ಮೂರಕ್ಕಿಂತ ಕಡಿಮೆ. ಆದರೆ ಸೇನೆಯ ಖರ್ಚಿನಲ್ಲಿ ಎಲ್ಲವನ್ನೂ ಮುಟ್ಟಲಾಗುವುದಿಲ್ಲ. ಸಂಬಳ ಕೊಡಲೇಬೇಕು, ಪಿಂಚಣಿ ಕೊಡಲೇಬೇಕು, ವರ್ಷದ ನಡುವೆ ಕತ್ತರಿ ಹಾಕಿದರೆ ಅದು ಬೀಳುವುದು ಹೊಸ ಸಲಕರಣೆಯ ಮೇಲೆ. ಈ ಸಲ ಬಿದ್ದದ್ದೂ ಅಲ್ಲಿಯೇ.

ಇನ್ನು ಆ ಹೊತ್ತಿಗೆ ಫ್ರೆಂಚ್ ಸೇನೆಯ ಪರಿಸ್ಥಿತಿ ನೋಡಿ. ದ ವಿಲಿಯೆ ಮುಖ್ಯಸ್ಥರಾದದ್ದು 2014ರ ಫೆಬ್ರವರಿಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಸಹಾರಾದ ದಕ್ಷಿಣ ಅಂಚಿನ ಐದು ದೇಶಗಳಲ್ಲಿ, ಮಾಲಿ, ನೈಜರ್, ಚಾಡ್, ಬುರ್ಕಿನಾ ಫಾಸೊ, ಮಾರಿಟೇನಿಯಾಗಳಲ್ಲಿ, ಬರ್ಖಾನ್ ಕಾರ್ಯಾಚರಣೆ ಶುರುವಾಯಿತು. ಸೆಪ್ಟೆಂಬರಿನಲ್ಲಿ ಇರಾಕಿನ ಮೇಲೆ ವಿಮಾನ ದಾಳಿ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಆಗಲೇ ಸೈನಿಕರಿದ್ದರು. 2015ರ ಜನವರಿಯಲ್ಲಿ ಶಾರ್ಲಿ ಎಬ್ದೊ ಪತ್ರಿಕೆಯ ಮೇಲೆ ದಾಳಿ ನಡೆದ ಮೇಲೆ ಸ್ವಂತ ದೇಶದ ಬೀದಿ, ರೈಲು ನಿಲ್ದಾಣ, ಪ್ರಾರ್ಥನಾ ಮಂದಿರಗಳನ್ನು ಕಾಯಲು 10,000 ಸೈನಿಕರು ಬೇಕಾದರು. ಕೆಲಸ ಹೀಗೆ ಮೇಲಿಂದ ಮೇಲೆ ಬಿದ್ದಾಗ ವಾಹನ ಸವೆಯುತ್ತದೆ, ಹೆಲಿಕಾಪ್ಟರ್ ನಿಲ್ಲುತ್ತದೆ, ತರಬೇತಿಗೆ ದಿನ ಸಿಗುವುದಿಲ್ಲ. ಇದನ್ನೇ ಅವರು ಮೂರು ವರ್ಷ ಸಂಸತ್ತಿಗೆ ಹೇಳುತ್ತಾ ಬಂದಿದ್ದರು. ಬಜೆಟ್ ಏರಿಸುತ್ತೇವೆ ಎಂದು ಮಾತು ಕೊಟ್ಟ ಹೊಸ ಅಧ್ಯಕ್ಷರು ಬಂದ ಎರಡೇ ತಿಂಗಳಿಗೆ ಇಳಿಸಿದರು. ಅವರಿಗೆ ಸಿಟ್ಟು ಬಂದದ್ದು ಸಹಜ. ಸಿಟ್ಟನ್ನು ಸಮಿತಿಯ ಮುಂದೆ ಆ ಭಾಷೆಯಲ್ಲಿ ತೋರಿಸಿದ್ದು ಜಾಣತನವೇನಲ್ಲ.

ಪ್ರಶ್ನೆ: ಫ್ರಾನ್ಸಿನಲ್ಲಿ ಜನರಲ್ ಆಗುವುದು ಹೇಗೆ? ಯುದ್ಧದಲ್ಲಿ ಸಾಹಸ ಮಾಡಿದವರಿಗೆ ಮೇಲಿನ ಹುದ್ದೆ ಸಿಗುತ್ತದಾ, ಇಲ್ಲಾ ಓದಿದವರಿಗಾ?

ಉತ್ತರ: ಎರಡೂ ಬೇಕು, ಜೊತೆಗೆ ಮೂರನೆಯದೊಂದು ಬೇಕು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಪ್ಯಾರಿಸ್ಸಿನ ಕಚೇರಿಗಳ ಅನುಭವ.

ಶುರುವಾಗುವುದು ಸಾಮಾನ್ಯವಾಗಿ ಸ್ಯಾಂ ಸೀರ್ ಸೇನಾ ಅಕಾಡೆಮಿಯಲ್ಲಿ. 1802ರಲ್ಲಿ ನೆಪೋಲಿಯನ್ ಕಟ್ಟಿದ ಶಾಲೆ ಇದು. ಬಹಳ ಕಾಲ ಪ್ಯಾರಿಸ್ ಹತ್ತಿರ ಇತ್ತು, ಎರಡನೇ ಮಹಾಯುದ್ಧದ ನಂತರ ಬ್ರಿಟಾನಿಯ ಕೊಯೆಟ್‌ಕಿದಾಂಗೆ ಹೋಯಿತು. ದ ವಿಲಿಯೆ 1956ರಲ್ಲಿ ಪಶ್ಚಿಮ ಫ್ರಾನ್ಸಿನ ವಾಂದೆ ಪ್ರಾಂತ್ಯದಲ್ಲಿ ಹುಟ್ಟಿದವರು, 1975ರಲ್ಲಿ ಈ ಅಕಾಡೆಮಿ ಸೇರಿದರು. ಟ್ಯಾಂಕ್ ಪಡೆ ಆರಿಸಿಕೊಂಡರು. ಆಮೇಲಿನ ಇಪ್ಪತ್ತು ವರ್ಷ ಎಲ್ಲ ಅಧಿಕಾರಿಗಳದ್ದೂ ಹೆಚ್ಚುಕಡಿಮೆ ಒಂದೇ ಥರ: ತುಕಡಿ, ತರಬೇತಿ, ಮತ್ತೆ ತುಕಡಿ. ನಡುವೆ ಪ್ಯಾರಿಸ್ಸಿನಲ್ಲಿ ಯುದ್ಧ ಕಾಲೇಜು. ಅಲ್ಲಿಗೆ ಆಯ್ಕೆಯಾಗದವರಿಗೆ ಮೇಲಿನ ದಾರಿ ಬಹುತೇಕ ಅಲ್ಲಿಗೇ ನಿಂತ ಹಾಗೆ. ಆಮೇಲೆ ಕರ್ನಲ್ ಆಗಿ ಒಂದು ರೆಜಿಮೆಂಟಿನ ಹೊಣೆ. ಇದು ಸಾಮಾನ್ಯವಾಗಿ ಎರಡೇ ವರ್ಷ, ಆದರೆ ನಿವೃತ್ತ ಅಧಿಕಾರಿಗಳನ್ನು ಮಾತಿಗೆಳೆದರೆ ಆ ಎರಡು ವರ್ಷದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ದ ವಿಲಿಯೆಗೆ ಸಿಕ್ಕಿದ್ದು ಮೂರ್ಮೆಲಾಂನ ಟ್ಯಾಂಕ್ ರೆಜಿಮೆಂಟ್. 1999ರಲ್ಲಿ ಕೊಸೊವೊಗೆ ಹೋದರು. 2006–07ರಲ್ಲಿ ಕಾಬೂಲ್ ಪ್ರದೇಶದ ನೇಟೊ ಪಡೆಯ ನಾಯಕತ್ವ ವಹಿಸಿದರು.

ಇನ್ನು ಮೂರನೆಯದು. 2008ರಲ್ಲಿ ಅವರು ಪ್ರಧಾನಿ ಫ್ರಾನ್ಸ್ವಾ ಫಿಯೋಂ ಅವರ ಸೇನಾ ಸಲಹಾ ಕಚೇರಿ ಸೇರಿದರು. ಕಡತ, ಸಚಿವರು, ಹಣಕಾಸು ಇಲಾಖೆಯವರ ಜೊತೆ ಜಗ್ಗಾಟ, ಇದು ಅಲ್ಲಿನ ದಿನಚರಿ. 2010ರಲ್ಲಿ ಸಶಸ್ತ್ರ ಪಡೆಗಳಲ್ಲಿ ಎರಡನೇ ಸ್ಥಾನ, ನಾಲ್ಕು ವರ್ಷದ ಮೇಲೆ ಮೊದಲ ಸ್ಥಾನ. ಬರೀ ರಣರಂಗದಲ್ಲಿ ಇದ್ದವರಿಗೆ ಈ ಕುರ್ಚಿ ಸಿಗುವುದಿಲ್ಲ. ಯಾಕೆಂದರೆ ಅದರ ಅರ್ಧ ಕೆಲಸ ದುಡ್ಡಿಗಾಗಿ ವಾದ ಮಾಡುವುದು. ಆ ಕೆಲಸದಲ್ಲಿ ಪಳಗಿದವರೇ ಒಂದು ಬಜೆಟ್ ಅಂಕಿಯ ಮೇಲೆ ಹೊರಗೆ ಹೋದದ್ದು, ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಕುತೂಹಲದ ಸಂಗತಿ.

ಪ್ರಶ್ನೆ: ಐದು ನಕ್ಷತ್ರ ಅಂದರೆ ಮಾರ್ಷಲ್ಲೇ ಅಲ್ವಾ?

ಉತ್ತರ: ಅಲ್ಲ. ಅಲ್ಲಿ ಲೆಕ್ಕ ಎರಡರಿಂದ ಶುರು. ಬ್ರಿಗೇಡ್ ಜನರಲ್‌ಗೆ 2, ಡಿವಿಷನ್ ಜನರಲ್‌ಗೆ 3, ಕೋರ್ ಜನರಲ್‌ಗೆ 4, ಆರ್ಮಿ ಜನರಲ್‌ಗೆ 5. ಕಾನೂನಿನ ಪ್ರಕಾರ ನಿಜವಾದ ದರ್ಜೆ ಮೂರು ನಕ್ಷತ್ರಕ್ಕೇ ಮುಗಿಯುತ್ತದೆ, ನಾಲ್ಕು ಮತ್ತು ಐದು ಹುದ್ದೆಗೆ ತಕ್ಕ ಸ್ಥಾನಮಾನ ಅಷ್ಟೇ. ಮಾರ್ಷಲ್‌ಗೆ 7 ನಕ್ಷತ್ರ, ಅದು ದರ್ಜೆಯಲ್ಲ, ಗೌರವ. ಜೀವಂತ ಇದ್ದ ಕೊನೆಯ ಮಾರ್ಷಲ್ ಅಲ್ಫೋನ್ಸ್ ಜುವಾಂ 1967ರಲ್ಲಿ ತೀರಿಕೊಂಡರು. 1984ರಲ್ಲಿ ಪಿಯೆರ್ ಕೊನಿಗ್ ಅವರಿಗೆ ಈ ಗೌರವ ಕೊಟ್ಟದ್ದು ಅವರು ಸತ್ತ ಮೇಲೆ.

ಪ್ರಶ್ನೆ: ತಜ್ಞರಾಗಿ ತಮ್ಮ ಅಭಿಪ್ರಾಯ ಹೇಳಿದ್ದಕ್ಕೆ ಜನರಲ್ ಒಬ್ಬರನ್ನು ಎಲ್ಲರ ಮುಂದೆ ಹಾಗೆ ಗದರಿಸುವುದು ಸರಿಯಾ? ಪ್ರಜಾಪ್ರಭುತ್ವದಲ್ಲಿ ಇಷ್ಟೂ ಸಹನೆ ಬೇಡವಾ?

ಉತ್ತರ: ಎಲ್ಲರ ಮುಂದೆ ಗದರಿಸಿದ್ದು ನನಗೂ ಹಿಡಿಸಲಿಲ್ಲ. 39 ವರ್ಷದ ಅಧ್ಯಕ್ಷರು ಅರವತ್ತರ ಜನರಲ್‌ಗೆ ಅವರದ್ದೇ ಅಧಿಕಾರಿಗಳ ಎದುರು ಹಾಗೆ ಹೇಳಬೇಕಿರಲಿಲ್ಲ, ಕೋಣೆಗೆ ಕರೆದು ಹೇಳಬಹುದಿತ್ತು. ಆದರೆ ಹೇಳಿದ ವಿಷಯದಲ್ಲಿ ತಪ್ಪಿಲ್ಲ. ಫ್ರಾನ್ಸಿನ ಸಂವಿಧಾನದ 15ನೇ ವಿಧಿ ಪ್ರಕಾರ ಸೇನೆಯ ಮುಖ್ಯಸ್ಥ ಅಧ್ಯಕ್ಷ. ಈ ವಿಷಯದಲ್ಲಿ ಫ್ರೆಂಚರು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಇದೆ.

1961ರ ಏಪ್ರಿಲಿನಲ್ಲಿ ನಾಲ್ವರು ನಿವೃತ್ತ ಜನರಲ್‌ಗಳು, ಶಾಲ್, ಝುವೊ, ಸಲಾಂ, ಝೆಲ್ಲೆರ್, ಅಲ್ಜಿಯರ್ಸ್ ನಗರವನ್ನು ವಶ ಮಾಡಿಕೊಂಡರು. ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾವನ್ನು ಕೈಬಿಡಲು ಹೊರಟ ಅಧ್ಯಕ್ಷ ಷಾರ್ಲ್ ದ ಗಾಲ್ ವಿರುದ್ಧ ದಂಗೆ ಅದು. ರಾವುಲ್ ಸಲಾಂ ಎದೆಯ ಮೇಲಿದ್ದಷ್ಟು ಪದಕ ಆ ಕಾಲದಲ್ಲಿ ಬೇರೆಯವರ ಎದೆಯ ಮೇಲೆ ಹುಡುಕಬೇಕಿತ್ತು, ಐದು ನಕ್ಷತ್ರ ಬೇರೆ. ದ ಗಾಲ್ ಹಳೆಯ ಸಮವಸ್ತ್ರ ತೊಟ್ಟು ಟಿವಿಯಲ್ಲಿ ಕಾಣಿಸಿಕೊಂಡು, ಈ ಜನರ ಆಜ್ಞೆ ಪಾಲಿಸಬಾರದು ಎಂದು ಸೈನಿಕರಿಗೆ ಹೇಳಿದರು. ಅವರ ತೋಳಿನ ಮೇಲೆ ಇದ್ದದ್ದು ಎರಡೇ ನಕ್ಷತ್ರ. ಕಡ್ಡಾಯ ಸೇವೆಗೆ ಬಂದಿದ್ದ ಹುಡುಗರು ಬ್ಯಾರಕ್ಕಿನಲ್ಲಿ ಟ್ರಾನ್ಸಿಸ್ಟರ್ ರೇಡಿಯೊ ಹಚ್ಚಿಕೊಂಡು ಆ ಭಾಷಣ ಕೇಳಿದರು, ಕೇಳಿದ ಮೇಲೆ ದಂಗೆಯವರ ಮಾತಿಗೆ ಅವರು ಅಲುಗಲಿಲ್ಲ. ಕೆಲವೇ ದಿನದಲ್ಲಿ ದಂಗೆ ಕುಸಿಯಿತು. ಸಲಾಂ ತಲೆಮರೆಸಿಕೊಂಡು ಮರುವರ್ಷ ಸಿಕ್ಕಿಬಿದ್ದು ಜೀವಾವಧಿ ಶಿಕ್ಷೆ ಪಡೆದರು, 1968ರಲ್ಲಿ ಕ್ಷಮಾದಾನ ಸಿಕ್ಕಿತು.

ದ ವಿಲಿಯೆ ಮಾಡಿದ್ದಕ್ಕೂ ಇದಕ್ಕೂ ದೂರದ ಸಂಬಂಧವೂ ಇಲ್ಲ, ತಪ್ಪು ತಿಳಿಯಬೇಡಿ. ಅವರು ಒಪ್ಪದೆ ಹೋದಾಗ ಸುಮ್ನೆ ಎದ್ದು ಹೋದರು. ಅಂಥ ಹುದ್ದೆಯಲ್ಲಿ ಇರುವವರಿಗೆ ಸಲಹೆ ಕೊಡುವ ಹಕ್ಕಿದೆ, ಸಲಹೆ ನಡೆಯದಿದ್ದರೆ ಬಿಡುವ ಹಕ್ಕಿದೆ, ನಡುವೆ ಬೇರೇನೂ ಇಲ್ಲ. ಆದರೂ 1958ರಲ್ಲಿ ಶುರುವಾದ ಈಗಿನ ಗಣರಾಜ್ಯದಲ್ಲಿ ಈ ಹುದ್ದೆಯಿಂದ ಯಾರೂ ಹೀಗೆ ರಾಜೀನಾಮೆ ಕೊಟ್ಟು ಹೋಗಿರಲಿಲ್ಲ.

ಪ್ರಶ್ನೆ: ಅವರ ಜಾಗಕ್ಕೆ ಬಂದವರು ಅಧ್ಯಕ್ಷರು ಹೇಳಿದ್ದಕ್ಕೆಲ್ಲ ತಲೆ ಆಡಿಸುವವರೇ ಇರಬೇಕು?

ಉತ್ತರ: ಹಾಗೆ ಹೇಳುವ ಮೊದಲು ಫ್ರಾನ್ಸ್ವಾ ಲೆಕ್ವಾಂತ್ರ ಯಾರು ಎಂದು ನೋಡಿ. 1995ರಲ್ಲಿ, ಬೋಸ್ನಿಯಾ ಯುದ್ಧದ ನಡುವೆ, ಅವರು ಸರಾಯೆವೊದಲ್ಲಿ ವಿಶ್ವಸಂಸ್ಥೆಯ ನೀಲಿ ಹೆಲ್ಮೆಟ್ ತೊಟ್ಟ ಕ್ಯಾಪ್ಟನ್. ಸರ್ಬ್ ಪಡೆಯವರು ಫ್ರೆಂಚ್ ಸಮವಸ್ತ್ರವನ್ನೇ ಹಾಕಿಕೊಂಡು ಬಂದು ವೃಬಾನ್ಯಾ ಸೇತುವೆಯ ಕಾವಲು ನೆಲೆ ಹಿಡಿದು ಸೈನಿಕರನ್ನು ಸೆರೆ ಇಟ್ಟರು. ಮೇ 27ರ ಬೆಳಿಗ್ಗೆ ಲೆಕ್ವಾಂತ್ರ ತನ್ನ ಹುಡುಗರೊಂದಿಗೆ ಬಂದೂಕಿಗೆ ಬಯೊನೆಟ್ ಸಿಕ್ಕಿಸಿ ನುಗ್ಗಿ ಅದನ್ನು ವಾಪಸ್ ತೆಗೆದುಕೊಂಡರು. ಇಬ್ಬರು ಫ್ರೆಂಚ್ ಸೈನಿಕರು ಸತ್ತರು. ಇಂಥವರನ್ನು ತಲೆ ಆಡಿಸುವವರು ಎನ್ನಲು ನನಗೆ ಮನಸ್ಸಿಲ್ಲ. ಅಂದಹಾಗೆ ಇವರೂ ಬಂದದ್ದು ಪ್ರಧಾನಿ ಕಚೇರಿಯ ಅದೇ ಸೇನಾ ವಿಭಾಗದ ಮುಖ್ಯಸ್ಥರಾಗಿದ್ದು. ದಾರಿ ಅದೇ, ನೋಡಿ.

ಪ್ರಶ್ನೆ: ಈಗ ದ ವಿಲಿಯೆ ರಾಜಕೀಯಕ್ಕೆ ಬಂದರಾ? ಅಣ್ಣ ರಾಜಕಾರಣಿ ಎಂದು ಕೇಳಿದ್ದೆ.

ಉತ್ತರ: ಅಣ್ಣ ಫಿಲಿಪ್ ದ ವಿಲಿಯೆ 1995 ಮತ್ತು 2007ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು. ತಮ್ಮ ಪಿಯೆರ್ ಪುಸ್ತಕಗಳನ್ನು ಬರೆದರು, ಅವು ಚೆನ್ನಾಗಿ ಮಾರಾಟವಾದವು. ಒಂದು ದೊಡ್ಡ ಸಲಹಾ ಕಂಪನಿಗೂ ಕೆಲಸ ಮಾಡಿದರು. 2022ರ ಚುನಾವಣೆಗೆ ನಿಲ್ಲುತ್ತಾರೆ ಎಂದು ಪತ್ರಿಕೆಗಳು ಬಹಳ ದಿನ ಬರೆದವು, ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ ಜನರಲ್‌ಗಳು ಸೇವೆ ಬಿಟ್ಟ ಮೇಲೂ ಸಾಮಾನ್ಯವಾಗಿ 'ಎರಡನೇ ವಿಭಾಗ' ಎಂಬ ಪಟ್ಟಿಯಲ್ಲಿ ಇರುತ್ತಾರೆ, ಬೇಕಾದರೆ ಸರ್ಕಾರ ಮತ್ತೆ ಕರೆಯಬಹುದು, ಮಾತಿನಲ್ಲಿ ಸಂಯಮವೂ ಇರಬೇಕು.

ಪ್ರಶ್ನೆ: ಕೊನೆಗೆ ಆ ದುಡ್ಡು ಬಂತಾ?

ಉತ್ತರ: ಬಂತು, ಅದೂ ಮ್ಯಾಕ್ರಾನ್ ಕೈಯಿಂದಲೇ. 2018ರಲ್ಲಿ ಒಪ್ಪಿಗೆಯಾದ ಸೇನಾ ಯೋಜನಾ ಕಾಯ್ದೆಯಲ್ಲಿ 2019ರಿಂದ 2025ರವರೆಗೆ 29,500 ಕೋಟಿ ಯೂರೊ ಇಟ್ಟರು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2024ರಿಂದ 2030ರವರೆಗಿನ ಕಾಯ್ದೆಯಲ್ಲಿ 41,300 ಕೋಟಿ. ಕಡಿತದ ಮಾತು ಆಡಿದ್ದ ದಾರ್ಮನಾಂ ಆ ಹೊತ್ತಿಗೆ ಗೃಹ ಸಚಿವರಾಗಿದ್ದರು.