ನೆಲದಿಂದ ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್ ರೇಡಿಯೋದಲ್ಲಿ ಹೇಳಿದ್ದನ್ನೇ ಪೈಲಟ್ ಮತ್ತೆ ಯಾಕೆ ಹೇಳುತ್ತಾರೆ?

ತಪ್ಪು ಕೇಳಿಸಿದ್ದರೆ ಅಲ್ಲೇ ಗೊತ್ತಾಗಲಿ ಅಂತ. ನಮ್ಮ ಬೀದರ್‌ನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಪೈಲಟ್ ಆಗಬೇಕೆನ್ನುವ ಇಲ್ಲಿನ ಹುಡುಗರು ಇದನ್ನು ಮೊದಲೇ ತಿಳಿದಿರಬೇಕು. ಪೈಲಟ್ ತಿರುಗಿ ಹೇಳಿದರಷ್ಟೇ ಸಾಲದು, ಕಂಟ್ರೋಲರ್ ಅದನ್ನು ಗಮನವಿಟ್ಟು ಕೇಳಿ ತಪ್ಪಿದ್ದರೆ ತಕ್ಷಣ ತಿದ್ದಬೇಕು.

ಇನ್ನೊಂದು ತೊಂದರೆ ರೇಡಿಯೋದ್ದೇ. ಮಾತಾಡಲು ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕೀರಲು ಸದ್ದು ಬರುತ್ತೆ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು, ನೆದರ್ಲೆಂಡ್ಸ್‌ನ ಕೆಎಲ್‌ಎಂ ಕಂಪನಿಯ ವಿಮಾನ ಅನುಮತಿ ಸಿಗುವ ಮೊದಲೇ ಮೇಲೇರಲು ರನ್‌ವೇ ಮೇಲೆ ಓಡತೊಡಗಿತ್ತು, ಆಗ ಕಾಯಲು ಹೇಳಿದ ಕಂಟ್ರೋಲರ್ ಮಾತೂ, ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದ, ಅಮೆರಿಕದ ಪ್ಯಾನ್ ಆಮ್ ಕಂಪನಿಯ ಇನ್ನೊಂದು ವಿಮಾನದ ಪೈಲಟ್ ಮಾತೂ ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸರಿಯಾಗಿ ಕೇಳಿಸಲೇ ಇಲ್ಲ. ಅಲ್ಲಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದು ಕೇಳಿದರೂ ಕ್ಯಾಪ್ಟನ್ ನಿಲ್ಲಿಸಲಿಲ್ಲ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.