ಹುತ್ತದ ಮಣ್ಣಿನಲ್ಲಿ ಬಂಗಾರ ಸಿಕ್ಕರೆ ಕೆಳಗೂ ಬಂಗಾರ ಇರುತ್ತದೆಯೇ?

ಲಿಂಗಸುಗೂರು ಕಡೆ ನಿಮ್ಮ ಹೊಲ, ಬದುವಿನ ಮೇಲೆ ಏಳೆಂಟು ಹುತ್ತ, ಪಕ್ಕದ ದಿಬ್ಬದಲ್ಲಿ ಇಲಿ, ಹೆಗ್ಗಣದ ಬಿಲಗಳು. ಹಟ್ಟಿ ಗಣಿ ದೂರವಿಲ್ಲ, ಈ ಮಣ್ಣು ತೊಳೆದರೆ ಕೆಳಗಿನ ಬಂಗಾರ ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ಗೊತ್ತಾಗುವ ಸಾಧ್ಯತೆ ಇದೆ. ಆದರೆ ಒಂದೇ ಹುತ್ತದ ಮಾತು ನಂಬಬೇಡಿ. ಹತ್ತಾರು ಹುತ್ತಗಳ ಮಣ್ಣನ್ನು ಪಕ್ಕದ ಮಾಮೂಲಿ ಮಣ್ಣಿನ ಜೊತೆ ಹೋಲಿಸಿದಾಗಲೇ ಅದಕ್ಕೆ ಅರ್ಥ ಬರುವುದು.

ಗೆದ್ದಲಿಗೆ ತೇವ ಬೇಕು, ಗೂಡು ಕಟ್ಟಲು ಜೇಡಿ ಬೇಕು. ಅದಕ್ಕಾಗಿ ಕೆಳಗಿಳಿದು, ಬಾಯಲ್ಲಿ ಹಿಡಿಯುವಷ್ಟು ಸಣ್ಣ ಕಣವನ್ನು ಜೊಲ್ಲಿನಲ್ಲಿ ಕಲಸಿ ಮೇಲೆ ತಂದು ಮೆತ್ತುತ್ತದೆ. ಕೆಳಗಿನ ಮಣ್ಣಿನಲ್ಲಿ ಸೂಕ್ಷ್ಮ ಬಂಗಾರ ಇದ್ದರೆ ಅದೂ ಜೊತೆಗೆ ಬರುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಗಾರ್ಡನ್ ವೆಲ್ ನಿಕ್ಷೇಪದ ಮೇಲಿನ ಗೆದ್ದಲು, ಇರುವೆ ಗೂಡುಗಳಲ್ಲಿ ಸುತ್ತಲಿಗಿಂತ ಹೆಚ್ಚು ಬಂಗಾರ ಇರುವುದನ್ನು ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ.ಎಸ್.ಐ.ಆರ್.ಒ. ವಿಜ್ಞಾನಿಗಳು 2010ರ ದಶಕದಲ್ಲಿ ತೋರಿಸಿದರು. ಆದರೆ ಹುಳುಗಳು ಅದನ್ನು ತಂದದ್ದು ಮೇಲಿನ ಕೆಲವೇ ಮೀಟರುಗಳಿಂದ. ನೂರಾರು ಮೀಟರು ಕೆಳಗೆ ಬಂಡೆಯಲ್ಲಿರುವ ಬಂಗಾರದ ಪಟ್ಟೆಯ ಸುದ್ದಿಯನ್ನು ಹುತ್ತದಿಂದ ನಿರೀಕ್ಷಿಸಬೇಡಿ.

ಹುತ್ತ ಮೊದಲು ಹೇಳುವುದು ನೀರಿನ ಸುದ್ದಿಯನ್ನು. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ಮರದ ದಕ್ಷಿಣಕ್ಕೆ ಮೂರು ಮೊಳ ದೂರದಲ್ಲಿ ಎರಡಾಳು ಆಳಕ್ಕೆ ಸಿಹಿನೀರು ಎಂದು 6ನೇ ಶತಮಾನದಲ್ಲೇ ಜ್ಯೋತಿಷಿ ವರಾಹಮಿಹಿರ ಬರೆದಿದ್ದಾನೆ. ಹುತ್ತಗಳು ಸಾಲಾಗಿದ್ದರೆ ಕೆಳಗೆ ಬಂಡೆಯ ಬಿರುಕು, ಅದರಲ್ಲಿ ತೇವ ಇರಬಹುದು. ಬಂಗಾರದ ಬೆಣಚುಕಲ್ಲಿನ ಪಟ್ಟೆಯೂ ಇಂಥ ಬಿರುಕಿನಲ್ಲೇ ಕೂರುವುದರಿಂದ ಸಾಲು ನೋಡಿದರೆ ಆಸೆ ಹುಟ್ಟುವುದು ಸಹಜ. ಆದರೆ ಸಾವಿರಾರು ಬಿರುಕುಗಳಲ್ಲಿ ಇರುವುದು ಬರೀ ನೀರು.

ಆದ್ದರಿಂದ ಮಣ್ಣು ಮುಟ್ಟುವ ಮೊದಲು ಕಲ್ಲು ನೋಡಿ. ಹಟ್ಟಿಯ ಬಂಗಾರ ಇರುವುದು ಹಟ್ಟಿ-ಮಸ್ಕಿ ಪಟ್ಟಿಯ ಹಸಿರುಗಪ್ಪು ಶಿಲೆಯಲ್ಲಿ, ಅದರೊಳಗಿನ ಬೆಣಚು ಪಟ್ಟೆಗಳಲ್ಲಿ. ನಿಮ್ಮ ಹೊಲದ ಸುತ್ತ ಬರೀ ಗುಲಾಬಿ, ಬೂದು ಗ್ರಾನೈಟ್ ಬಂಡೆಗಳೇ ಇದ್ದರೆ ಈ ಶ್ರಮಕ್ಕೆ ಫಲ ಸಿಗುವುದು ಬಲು ಕಷ್ಟ.

ಕಲ್ಲು ನೋಡುವುದಕ್ಕೆ ಬಿಲಗಳೇ ಸರಿ. ಗೆದ್ದಲು ಕಣ ತರುತ್ತದೆ, ಹೆಗ್ಗಣ ಮತ್ತು ಮುಳ್ಳುಹಂದಿ ಕಲ್ಲಿನ ಚೂರನ್ನೇ ಹೊರಗೆ ತಳ್ಳುತ್ತವೆ. ಬಿಲದ ಬಾಯಿಯ ಮುಂದಿನ ಗುಪ್ಪೆಯಲ್ಲಿ ಬೆರಳುಗಾತ್ರದ ಚೂರುಗಳನ್ನು ಆರಿಸಿ, ತೊಳೆದು, ಬಿಸಿಲಿಗೆ ಹಿಡಿದು ನೋಡಿ. ಹಾಲಿನಂತೆ ಬಿಳಿಯಾಗಿ ಶುದ್ಧವಾಗಿರುವ ಬೆಣಚು ಹೆಚ್ಚಾಗಿ ಬರಡು. ತುಕ್ಕುಬಣ್ಣದ ಕಲೆ, ಗಂಧಕದ ಅದಿರು ಕರಗಿಹೋಗಿ ಉಳಿದ ಚೌಕನೆಯ ಸಣ್ಣ ಗುಳಿಗಳು, ಅಂಚಿಗೆ ಅಂಟಿದ ಕಪ್ಪು ಶಿಲೆ ಇದ್ದರೆ ಆ ಚೂರನ್ನು ಎತ್ತಿಡಿ. ಚೂರಿನ ಮೂಲೆಗಳು ಚೂಪಾಗಿದ್ದರೆ ಅದು ಅಲ್ಲಿಯದೇ. ನುಣುಪಾಗಿ ಉರುಟಾಗಿದ್ದರೆ ಹಳ್ಳದ ನೀರು ಎಲ್ಲಿಂದಲೋ ತಂದದ್ದು. ಬಿಲ, ಹುತ್ತ ಯಾವುದರೊಳಗೂ ಕೈ ಹಾಕಬೇಡಿ, ನಾಗರಹಾವು ಇಂಥ ಕಡೆ ಸೇರಿಕೊಂಡಿರಬಹುದು.

ಈಗ ಹುತ್ತದ ಮಣ್ಣಿನ ವಿಷಯ. ಕೈಯಲ್ಲಿ ಬಂಗಾರದ ಉಂಗುರ, ಬಳೆ ಇದ್ದರೆ ಮೊದಲು ಬಿಚ್ಚಿಡಿ. ಇದು ಸಣ್ಣ ಮಾತಲ್ಲ. 0.1 ಮಿ.ಮೀ. ದಪ್ಪದ ಒಂದು ಬಂಗಾರದ ಕಣ ಸುಮಾರು 10 ಮೈಕ್ರೋಗ್ರಾಂ ತೂಗುತ್ತದೆ. ಅದು ಪರೀಕ್ಷೆಗೆ ತೆಗೆದ 30 ಗ್ರಾಂ ಮಣ್ಣಿಗೆ ಬಿದ್ದರೆ ಫಲಿತಾಂಶ ಟನ್ನಿಗೆ 340 ಮಿಲಿಗ್ರಾಂ ಎಂದು ಬರುತ್ತದೆ. ಮಾಮೂಲಿ ಮಣ್ಣಿನಲ್ಲಿ ಇರುವುದು ಟನ್ನಿಗೆ ಕೆಲವೇ ಮಿಲಿಗ್ರಾಂ! ಉಂಗುರದಿಂದ ಸವೆದ ಒಂದು ಚೂರು ಇಡೀ ಹೊಲವನ್ನು ಗಣಿ ಮಾಡಿ ತೋರಿಸಬಲ್ಲದು.

ಹುತ್ತವನ್ನು ಒಡೆಯುವ ಅಗತ್ಯವಿಲ್ಲ. ಹೊಸದಾಗಿ ಮೆತ್ತಿದ ಹಸಿ ಮಣ್ಣು ಇರುವ ಜೀವಂತ ಹುತ್ತ ಆರಿಸಿ, ನಾಲ್ಕು ದಿಕ್ಕಿನಿಂದ ಕುರ್ಪಿಯಲ್ಲಿ ಕೆರೆದು ಒಟ್ಟು ಎರಡು ಕಿಲೋ ತೆಗೆಯಿರಿ. ಜನ ಪೂಜೆ ಮಾಡುವ ಹುತ್ತವಾದರೆ ಬಿಟ್ಟುಬಿಡಿ. ಅರಿಸಿನ, ಕುಂಕುಮ, ನಾಣ್ಯ ಬಿದ್ದ ಮಣ್ಣು ಪರೀಕ್ಷೆಗೂ ಆಗದು. ಅಲ್ಲಿಂದ ಹತ್ತು ಮೀಟರು ದೂರದಲ್ಲಿ ಗೇಣು ಆಳದ ಮಾಮೂಲಿ ಮಣ್ಣನ್ನೂ ಅಷ್ಟೇ ತೆಗೆದು ಬೇರೆ ಚೀಲದಲ್ಲಿ ಕಟ್ಟಿ. ಎರಡಕ್ಕೂ ನಂಬರು ಹಾಕಿ, ಮೊಬೈಲಿನಲ್ಲಿ ಸ್ಥಳ ಗುರುತಿಸಿ. ಬದುವಿನ ಏಳೆಂಟು ಹುತ್ತ ಸಾಲದು, ಸುತ್ತಮುತ್ತ 50ರಿಂದ 100 ಮೀಟರಿಗೆ ಒಂದರಂತೆ ಇಪ್ಪತ್ತಾದರೂ ಬೇಕು.

ಒಂದು ಪಾಲನ್ನು ತೊಳೆದು ನೋಡಬಹುದು. ಹುತ್ತದ ಮಣ್ಣು ಸಿಮೆಂಟಿನ ಹಾಗೆ ಗಟ್ಟಿ. ರಾತ್ರಿಯಿಡೀ ನೆನೆಸಿ, ಕೈಯಿಂದ ಕಿವುಚಿ, ಕೆಂಪು ನೀರು ಹೋಗುವವರೆಗೆ ಬಸಿಯಿರಿ. ಆತುರಪಟ್ಟರೆ ಜೇಡಿಯ ಉಂಡೆಗಳ ಜೊತೆ ಬಂಗಾರವೂ ಹರಿದುಹೋಗುತ್ತದೆ. ಆಮೇಲೆ 2 ಮಿ.ಮೀ. ಜರಡಿ ಹಿಡಿದು ಅಗಲ ಬಾಣಲೆಯಲ್ಲಿ ಸುತ್ತಿಸಿ ತೊಳೆಯಿರಿ. ಗದಗ ಕಡೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ, ಮರಳು ತೊಳೆದು ಬಂಗಾರ ತೆಗೆಯುತ್ತಿದ್ದ ಜಾಲಗಾರರು ಮರದ ಮರಿಗೆಯಲ್ಲಿ ಮಾಡುತ್ತಿದ್ದ ಕೆಲಸವೂ ಇದೇ. ತಳದಲ್ಲಿ ಉಳಿದ ಕರಿಮರಳು ಒಣಗಿದ ಮೇಲೆ ಕಾಗದ ಸುತ್ತಿದ ಆಯಸ್ಕಾಂತ ಆಡಿಸಿ ಕಬ್ಬಿಣದ ಕಣ ತೆಗೆಯಿರಿ. ಹೊಳೆಯುವ ಚುಕ್ಕಿ ಉಳಿದರೆ ನೆರಳಿನಲ್ಲಿ ನೋಡಿ. ಬಂಗಾರ ನೆರಳಲ್ಲೂ ಅದೇ ಹಳದಿ, ಕಾಗೆ ಬಂಗಾರ (ಅಭ್ರಕ) ತಿರುಗಿಸಿದಾಗ ಮಾತ್ರ ಮಿನುಗುತ್ತದೆ. ಸೂಜಿಯಿಂದ ಒತ್ತಿದರೆ ಬಂಗಾರ ಚಪ್ಪಟೆಯಾಗುತ್ತದೆ, ಬಂಗಾರದಂತೆ ಹೊಳೆಯುವ ಗಂಧಕದ ಅದಿರು ಪೈರೈಟ್ ಪುಡಿಯಾಗುತ್ತದೆ. ಬಂಗಾರ ಹಿಡಿಯಲು ಪಾದರಸ ಮಾತ್ರ ಬಳಸಲೇಬೇಡಿ, ಅದರ ಹೊಗೆ ಮನೆಮಂದಿಯನ್ನೆಲ್ಲ ರೋಗಕ್ಕೆ ತಳ್ಳುತ್ತದೆ.

ಚುಕ್ಕಿ ಕಾಣಲಿಲ್ಲ ಎಂದರೆ ಬಂಗಾರವೇ ಇಲ್ಲ ಎಂದಲ್ಲ, ಹುತ್ತಕ್ಕೆ ಬರುವ ಬಂಗಾರ ಹೆಚ್ಚಾಗಿ ಕಣ್ಣಿಗೆ ಕಾಣದಷ್ಟು ಸಣ್ಣದು. ಉಳಿದ ಪಾಲನ್ನು ನೆರಳಿನಲ್ಲಿ ಒಣಗಿಸಿ, 80 ಮೆಶ್ (ಸುಮಾರು 0.18 ಮಿ.ಮೀ. ಕಣ್ಣಿನ) ಜರಡಿ ಹಿಡಿದು, ಖನಿಜ ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಡಬೇಕು. ಮಣ್ಣನ್ನು ಕುಲುಮೆಯಲ್ಲಿ ಕರಗಿಸಿ ಬಂಗಾರ ಅಳೆಯುವ ಫೈರ್ ಅಸ್ಸೇ ಪರೀಕ್ಷೆಯ ಜೊತೆಗೆ ಆರ್ಸೆನಿಕ್ ಎಷ್ಟಿದೆ ಎಂದೂ ಕೇಳಿ. ಹಟ್ಟಿಯ ಅದಿರಿನಲ್ಲಿ ಬಂಗಾರದ ಜೊತೆ ಆರ್ಸೆನಿಕ್ ಇರುವ ಖನಿಜವೂ ಇದೆ, ಅದು ಮಣ್ಣಿನಲ್ಲಿ ಸಮನಾಗಿ ಹರಡಿರುತ್ತದೆ, ಬಂಗಾರದ ಹಾಗೆ ಒಂದು ಕಣದಿಂದ ಮೋಸ ಮಾಡುವುದಿಲ್ಲ. ಆಭರಣದಂಗಡಿಯ ಕ್ಯಾರೆಟ್ ನೋಡುವ ಯಂತ್ರ ಈ ಕೆಲಸಕ್ಕೆ ಬರುವುದಿಲ್ಲ. ಅಕ್ಕಪಕ್ಕದ ಮೂರ್ನಾಲ್ಕು ಹುತ್ತಗಳಲ್ಲಿ ಬಂಗಾರ, ಆರ್ಸೆನಿಕ್ ಎರಡೂ ಸುತ್ತಲಿನ ಮಣ್ಣಿನ ಮೂರು ಪಟ್ಟು ಬಂದರೆ ನಾನು ಅದನ್ನು ಸುಳಿವು ಎನ್ನುತ್ತೇನೆ. ಒಂಟಿ ಹುತ್ತದಲ್ಲಿ ನೂರು ಪಟ್ಟು ಬಂದರೂ ಮತ್ತೆ ಮಣ್ಣು ತೆಗೆದು ನೋಡುತ್ತೇನೆ.

ಮೋಸ ಹೋಗುವ ಜಾಗಗಳೂ ಇವೆ. ಕೆರೆ ಹೂಳು ಹೊಡೆದ ಹೊಲದ ಮಣ್ಣು ನಿಮ್ಮ ನೆಲದ್ದಲ್ಲ. ದಪ್ಪ ಎರೆಭೂಮಿಯಲ್ಲಿ ಹುತ್ತದ ಮಣ್ಣು ಕೆಳಗಿನ ಬಂಡೆಯ ಸುದ್ದಿ ಹೇಳದೇ ಇರಬಹುದು. ಗಣಿಯ ತ್ಯಾಜ್ಯದ ಧೂಳು ಹಾರಿ ಬೀಳುವಲ್ಲಂತೂ ಎಲ್ಲ ಹುತ್ತವೂ ಬಂಗಾರದ್ದೇ.

ಕಾನೂನಿನ ಮಾತೂ ಗಮನದಲ್ಲಿರಲಿ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಖನಿಜ ಹುಡುಕುವ ಕೆಲಸಕ್ಕೂ ಪರವಾನಗಿ ಬೇಕು, ಸ್ವಂತ ಹೊಲ ಎಂಬುದು ವಿನಾಯಿತಿಯಲ್ಲ. ಹಾಗಾಗಿ ಬಿಲದ ಬಾಯಲ್ಲಿ ಸಿಕ್ಕ ಚೂರುಗಳು, ಸರ್ವೆ ನಂಬರು, ಹುತ್ತಗಳನ್ನು ಗುರುತಿಸಿದ ಒಂದು ನಕ್ಷೆ ಹಿಡಿದು ಮೊದಲು ರಾಯಚೂರಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಹೋಗಿ, ಅಲ್ಲಿನ ಭೂವಿಜ್ಞಾನಿಗಳಿಗೆ ತೋರಿಸಿ. ಮಣ್ಣು ತೆಗೆಯುವ, ತೊಳೆಯುವ ಕೆಲಸ ಅವರನ್ನು ಕೇಳಿದ ಮೇಲೆ.